ಹೊಸ ಬೂಟು ಕಚ್ಚುವ ಮುನ್ನ

(ಬೆಟ್ಟದ ನಡಿಗೆಗೆ ಸಿದ್ಧರಾಗುತ್ತಿರುವ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಧುಗಿರಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಕಾಡು, ಕೆರೆ, ಕಲ್ಲುಗಣಿಗಳ ಬಗ್ಗೆ ಮಾತು ನಡೆಯುತ್ತದೆ. ಇಂದು ನನಗೆ ವಹಿಸಿರುವ ವಿಷಯ ಪಾದ. ಇನ್ನೂ ನಿಖರವಾಗಿ ಹೇಳುವುದಾದರೆ, ಹೊಸ ಬೂಟು ಹಾಕಿದವರ ಹಿಮ್ಮಡಿಯಲ್ಲಿ ಏಳುವ ನೀರುಗುಳ್ಳೆ. ಇದೇನು ಮಹಾ ವಿಷಯ ಎಂದು ಕೆಲವರಿಗೆ ನಗು ಬರಬಹುದು. ಆದರೆ ಬೆಟ್ಟ ಹತ್ತಿಸಿ ಇಳಿಸಿದ ಅನುಭವವುಳ್ಳ ಯಾರನ್ನಾದರೂ ಕೇಳಿ ನೋಡಿ. ತಂಡವೊಂದು ಅರ್ಧದಾರಿಯಲ್ಲಿ ನಿಂತುಹೋಗುವುದು ಚಿರತೆಯ ಭಯದಿಂದಲೋ ಕರಡಿಯ ಭಯದಿಂದಲೋ ಆಗುವುದು ಅಪರೂಪ. ಬಹುಪಾಲು ಕಾಲಿನ ಗುಳ್ಳೆಯಿಂದಲೇ ಆಗುತ್ತದೆ.

ನಾವು ಕುಳಿತಿರುವ ಈ ಊರಿನ ಬೆಟ್ಟವನ್ನೇ ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಏಕಶಿಲೆ. ಕೆಳಗಿನ ಕೋಟೆಬಾಗಿಲುಗಳನ್ನು ದಾಟುವವರೆಗೆ ಮೆಟ್ಟಿಲುಗಳಿವೆ. ಅಲ್ಲಿಂದ ಮೇಲೆ ಅನೇಕ ಕಡೆ ಬಂಡೆಯಲ್ಲೇ ಕೊರೆದ ಅರೆಪಾದ ಹಿಡಿಸುವಷ್ಟು ಗುಳಿಗಳು ಮಾತ್ರ. ಹತ್ತುವಾಗ ಹಿಮ್ಮಡಿ ಸುಲಿದವನು ಇಳಿಯುವಾಗ ಪಾದವನ್ನು ನೇರವಾಗಿ ಊರಲಾರ. ನೋವನ್ನು ತಪ್ಪಿಸಲು ಪಾದವನ್ನು ಓರೆಯಾಗಿ ಇಡುತ್ತಾನೆ. ಓರೆಯಾಗಿ ಇಟ್ಟ ಪಾದ ನುಣುಪು ಬಂಡೆಯ ಮೇಲೆ ಜಾರುತ್ತದೆ. ಬೂಟು ಬಿಚ್ಚಿ ಬರಿಗಾಲಲ್ಲಿ ಇಳಿಯೋಣವೆಂದರೆ ಮಧ್ಯಾಹ್ನದ ಬಿಸಿಲಿಗೆ ಬಂಡೆ ಕಾದ ಹೆಂಚಾಗಿರುತ್ತದೆ. ಒಬ್ಬನಿಗಾಗಿ ಎಲ್ಲರೂ ತಡೆದು ಇಳಿಯುವಷ್ಟರಲ್ಲಿ ಕತ್ತಲಾಗುತ್ತದೆ. ಕಾಲಿನ ಗುಳ್ಳೆಯೊಂದು ಪ್ರಾಣಕ್ಕೆ ಎರವಾಗುವುದು ಹೀಗೆ.

ಇದಕ್ಕಿಂತ ನೇರವಾಗಿ ಪ್ರಾಣ ತೆಗೆದ ಉದಾಹರಣೆಯೂ ಇತಿಹಾಸದಲ್ಲಿದೆ. 1924ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕ್ಯಾಲ್ವಿನ್ ಕೂಲಿಡ್ಜ್ ಅವರ ಹದಿನಾರು ವರ್ಷದ ಮಗ ಕಾಲುಚೀಲವಿಲ್ಲದೆ ಶೂ ಧರಿಸಿ ಟೆನಿಸ್ ಆಡಿದ. ಬೆರಳ ಮೇಲೆ ಗುಳ್ಳೆಯೆದ್ದಿತು, ನಂಜು ರಕ್ತಕ್ಕೆ ಏರಿತು. ಕೆಲವೇ ದಿನಗಳಲ್ಲಿ, ಜುಲೈ 7ರಂದು, ಆ ಹುಡುಗ ತೀರಿಕೊಂಡ. ಪೆನಿಸಿಲಿನ್ ಪತ್ತೆಯಾದದ್ದು ಅದಾದ ನಾಲ್ಕು ವರ್ಷಗಳ ಮೇಲೆ. ಇಂದು ಔಷಧಗಳಿವೆ ನಿಜ. ಆದರೆ ಆಸ್ಪತ್ರೆ ಹತ್ತಾರು ಮೈಲಿ ದೂರವಿರುವ ಹಳ್ಳಿಯವರು ನಂಜನ್ನು ಹಗುರವಾಗಿ ಕಾಣುವಂತಿಲ್ಲ.

ಮೊದಲಿಗೆ ಗುಳ್ಳೆ ಏಕೆ ಏಳುತ್ತದೆ ಎಂಬುದನ್ನು ತಿಳಿಯೋಣ. ನಮ್ಮ ಜನ 'ಚಪ್ಪಲಿ ಕಚ್ಚಿತು' ಎನ್ನುತ್ತಾರೆ. ಕಚ್ಚುವುದೆಂದರೆ ಹೊರಗಿನಿಂದ ಚರ್ಮ ತೇಯುವುದೆಂದು ನಾವು ಭಾವಿಸುತ್ತೇವೆ. ನೀರುಗುಳ್ಳೆಯ ವಿಷಯದಲ್ಲಿ ಕೆಲಸ ನಡೆಯುವುದು ಚರ್ಮದ ಒಳಗೆ. ಹೆಜ್ಜೆಯಿಟ್ಟಾಗ ಒಳಗಿನ ಎಲುಬು ಮುಂದೆ ಹಿಂದೆ ಸರಿಯುತ್ತದೆ. ಹೊರಚರ್ಮವನ್ನಾದರೋ ಕಾಲುಚೀಲ ಮತ್ತು ಬೂಟು ಅಂಟಿ ಹಿಡಿದಿರುತ್ತವೆ. ಎಲುಬು ಒಂದು ಕಡೆಗೆ, ಮೇಲ್ಚರ್ಮ ಇನ್ನೊಂದು ಕಡೆಗೆ ಎಳೆದಾಗ ನಡುವಿನ ಪದರಗಳು ಹಿಗ್ಗುತ್ತವೆ. ಸಾವಿರಾರು ಹೆಜ್ಜೆಗಳಲ್ಲಿ ಇದೇ ಎಳೆದಾಟ ನಡೆದು ಪದರ ಸೀಳುತ್ತದೆ, ಸೀಳಿನಲ್ಲಿ ನೀರು ತುಂಬುತ್ತದೆ. ಪಾದ ಬೆವೆತಷ್ಟೂ ಚರ್ಮ ಮೆದುವಾಗಿ ಬಟ್ಟೆಗೆ ಹೆಚ್ಚು ಅಂಟುತ್ತದೆ. ಆದ್ದರಿಂದ ಉಪಾಯಗಳೆಲ್ಲ ಮೂರೇ ಮಾತಿನಲ್ಲಿ ಅಡಗಿವೆ: ಪಾದ ಬೂಟಿನೊಳಗೆ ಸರಿದಾಡಬಾರದು, ಪಾದ ಒದ್ದೆಯಾಗಿರಬಾರದು, ಉಜ್ಜುವ ಜಾಗದಲ್ಲಿ ಜಾರಿಕೆ ಇರಬೇಕು.

ಇಲ್ಲಿ ಹಳ್ಳಿಯ ಹಿರಿಯರಿಗೆ ಒಂದು ಸಂದೇಹ ಬರುವುದು ಸಹಜ. 'ಹುಟ್ಟಿದಾರಭ್ಯ ಬರಿಗಾಲಲ್ಲಿ ಹೊಲ ಉತ್ತವರು ನಾವು, ನಮ್ಮ ಕಾಲು ಕಲ್ಲಿನಂತಿದೆ, ನಮಗೇನು ಗುಳ್ಳೆ?' ಎಂದು ಕೇಳುತ್ತಾರೆ. ಅವರ ಅಂಗಾಲು ಗಟ್ಟಿ ಎಂಬುದು ದಿಟ. ಆದರೆ ಬೂಟು ಒತ್ತುವುದು ಹಿಮ್ಮಡಿಯ ಹಿಂಬದಿಯನ್ನು, ಬೆರಳುಗಳ ಮೇಲ್ಭಾಗವನ್ನು, ಕಿರುಬೆರಳಿನ ಹೊರಬದಿಯನ್ನು. ನೆಲವನ್ನು ಎಂದೂ ಮುಟ್ಟದ ಆ ಜಾಗಗಳ ಚರ್ಮ ರೈತನಿಗೂ ಪಟ್ಟಣಿಗನಿಗೂ ಒಂದೇ ಬಗೆಯಾಗಿ ಎಳಸು. ಇನ್ನೊಂದು ಮಾತು. ಭಾರತದ ಬರಿಗಾಲಿಗರ ಪಾದಗಳನ್ನು ಶೂ ಧರಿಸುವವರ ಪಾದಗಳೊಂದಿಗೆ ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬರಿಗಾಲಿಗರ ಪಾದ ಹೆಚ್ಚು ಅಗಲ, ಅವರ ಭಾರ ಪಾದದ ಮೇಲೆಲ್ಲ ಹೆಚ್ಚು ಸಮನಾಗಿ ಹಂಚಿಹೋಗುತ್ತದೆ ಎಂದು ಅದು ಕಂಡುಕೊಂಡಿತು. ಅಂಥ ಆರೋಗ್ಯವಂತ ಅಗಲ ಪಾದವನ್ನು ಚೂಪುಮೂತಿಯ ಬೂಟಿಗೆ ತುರುಕಿದರೆ ಹಿಂಸೆಯಾಗದೆ ಇರುತ್ತದೆಯೇ? ದೋಷ ಬೂಟಿನದು, ಪಾದದ್ದೆಂದು ನಾಚಬೇಕಾದ್ದಿಲ್ಲ.

ಹಾಗಿದ್ದರೆ ಬೂಟೇ ಬೇಡವೆನ್ನೋಣವೇ? ನಮ್ಮ ಸೀಮೆಯಲ್ಲಿ ಅದೂ ಸಲ್ಲದು. ಮಧುಗಿರಿ, ಕೊರಟಗೆರೆ, ಪಾವಗಡಗಳ ಬಯಲು ಜಾಲಿಮುಳ್ಳಿನ ಬಯಲು. ನೆಗ್ಗಿಲುಮುಳ್ಳು ತೆಳು ಅಟ್ಟೆಯನ್ನು ತೂರಿ ಬರುತ್ತದೆ. ಕಲ್ಲುಸಂದಿಗಳಲ್ಲಿ ಚೇಳಿದೆ, ಮಂಡಲದ ಹಾವಿದೆ. ಬೇಸಿಗೆಯಲ್ಲಿ ಕಾಡಿಗೆ ಬಿದ್ದ ಬೆಂಕಿಯನ್ನು ಸೊಪ್ಪಿನಿಂದ ಬಡಿದು ನಂದಿಸಲು ಹೋಗುವವರಿಗೆ ಗಟ್ಟಿ ಬೂಟು ಅತ್ಯವಶ್ಯ. ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಾಗಲಿ, ದೇವರಾಯನದುರ್ಗದಲ್ಲಿ ಹುಟ್ಟಿ ಹರಿಯುವ ಜಯಮಂಗಲಿಯ ಪಾತ್ರವಾಗಲಿ, ವಾಹನದಲ್ಲಿ ಕುಳಿತವರಿಗೆ ತಿಳಿಯದು; ನಡೆದವರಿಗಷ್ಟೇ ತಿಳಿಯುತ್ತದೆ. 1987ರ ನವೆಂಬರ್ 1ರಂದು ಹೊರಟ ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆಯವರು ಸುಮಾರು ನೂರು ದಿನ ನಡೆದರು. ನೂರು ದಿನ ನಡೆಯಬೇಕಾದವನಿಗೆ ಪಾದವೇ ಬಂಡವಾಳ.

ಈಗ ಬೂಟು ಕೊಳ್ಳುವ ವಿಚಾರ. ಕೊಳ್ಳುವುದು ಸಂಜೆಯ ಹೊತ್ತಿಗಿರಲಿ. ದಿನವೆಲ್ಲ ನಿಂತು ನಡೆದ ಪಾದ ಬೆಳಗಿಗಿಂತ ತುಸು ಊದಿರುತ್ತದೆ. ನಡಿಗೆಯಲ್ಲಿ ಯಾವ ಕಾಲುಚೀಲ ಹಾಕುತ್ತೀರೋ ಅದನ್ನೇ ಹಾಕಿಕೊಂಡು ಅಳತೆ ನೋಡಿ. ಇಬ್ಬದಿಯ ಪಾದಗಳು ಒಂದೇ ಅಳತೆಯಲ್ಲಿರುವುದು ವಿರಳ, ದೊಡ್ಡದಕ್ಕೆ ಹೊಂದುವುದನ್ನು ಆರಿಸಿ. ಲೇಸು ಸಡಿಲಿಸಿ ಪಾದವನ್ನು ಪೂರ್ತಿ ಮುಂದಕ್ಕೆ ದೂಡಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಬೇಕು. ಲೇಸು ಬಿಗಿದು ನಡೆದಾಗ ಹಿಮ್ಮಡಿ ಮೇಲೇಳಬಾರದು, ಬೆರಳುಗಳು ಆಡುವಂತಿರಬೇಕು. ಅಂಗಡಿಯ ಹೊರಗಿನ ಇಳಿಜಾರಿನಲ್ಲೋ ಮೆಟ್ಟಿಲಿನಲ್ಲೋ ಇಳಿದು ನೋಡಿ. ಹೆಬ್ಬೆರಳ ಉಗುರು ಮುಂದೆ ತಾಗಿದರೆ ಅದು ನಿಮ್ಮ ಬೂಟಲ್ಲ. 'ಹಾಕ್ತಾ ಹಾಕ್ತಾ ಸರಿಹೋಗುತ್ತೆ' ಎಂಬ ಅಂಗಡಿಯವನ ಮಾತನ್ನು ಅರ್ಧ ಮಾತ್ರ ನಂಬಿ. ಬಿರುಸಾದ ಚರ್ಮ ಮೆದುವಾಗುತ್ತದೆ. ಗಿಡ್ಡ ಬೂಟು ಎಷ್ಟು ನಡೆದರೂ ಉದ್ದವಾಗುವುದಿಲ್ಲ.

ಮಕ್ಕಳ ಬಗ್ಗೆ ಎರಡು ಮಾತು. 2015-16ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆ ಬಂದಿತು. ಎಷ್ಟೋ ಮಕ್ಕಳಿಗೆ ಅದೇ ಜೀವನದ ಮೊದಲ ಶೂ. ತರಗತಿಯನ್ನು ನೋಡಿ ಅಂದಾಜಿನ ಅಳತೆ ಬರೆಯುವುದಕ್ಕಿಂತ, ಪ್ರತಿ ಮಗುವನ್ನೂ ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದಗಳ ಗೆರೆ ತೆಗೆಯುವುದು ಲೇಸು. ಒಂದು ಶಾಲೆಗೆ ಅರ್ಧ ದಿನದ ಕೆಲಸ. ಶಾಲಾಭಿವೃದ್ಧಿ ಸಮಿತಿಗಳಲ್ಲಿರುವ ನಮ್ಮ ಗ್ರಾಮಸ್ಥರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ಕಾಲು ಕಚ್ಚುವ ಶೂ ಹಾಕಿದ ಮಗು ಅದನ್ನು ಕೈಯಲ್ಲಿ ಹಿಡಿದು ಮೂರು ಕಿಲೋಮೀಟರ್ ನಡೆದು ಶಾಲೆಯ ಬಾಗಿಲಲ್ಲಿ ಮೆಟ್ಟಿಕೊಳ್ಳುತ್ತದೆ.

ಬೂಟನ್ನು ಪಳಗಿಸುವುದು ಎಳೆಗರುವನ್ನು ನೊಗಕ್ಕೆ ಪಳಗಿಸಿದಂತೆ. ಮೊದಲ ದಿನವೇ ಹೊಲಕ್ಕೆ ಹೂಡುವವರುಂಟೇ? ಮೊದಲ ಮೂರು ನಾಲ್ಕು ದಿನ ಮನೆಯೊಳಗೆ, ಅಂಗಳದಲ್ಲಿ ಒಂದೊಂದು ಗಂಟೆ ಹಾಕಿ ಓಡಾಡಿ. ಆಮೇಲೆ ಕೆರೆ ಏರಿಯ ಮೇಲೆ ಒಂದೆರಡು ಕಿಲೋಮೀಟರ್. ಎರಡನೆಯ ವಾರ ಬೆನ್ನಿಗೆ ಚೀಲ ಹಾಕಿ ಐದಾರು ಕಿಲೋಮೀಟರ್. ಭಾರ ಹೊತ್ತಾಗ ಪಾದ ಹರಡಿಕೊಳ್ಳುತ್ತದೆ, ಒತ್ತುವ ಜಾಗಗಳು ಬೇರೆಯಾಗುತ್ತವೆ. ಮೂರನೆಯ ವಾರ ಊರ ಪಕ್ಕದ ಸಣ್ಣ ಗುಡ್ಡವೊಂದನ್ನು ಹತ್ತಿ ಇಳಿಯಿರಿ. ಬಟ್ಟೆಯ ಶೂಗಳಿಗೆ ಒಂದು ವಾರವೇ ಸಾಕಾಗಬಹುದು, ದಪ್ಪ ಚರ್ಮದ ಬೂಟಿಗೆ ಮೂರು ವಾರವಾದರೂ ಬೇಕು. ಈ ಅವಧಿಯಲ್ಲಿ ಬೂಟಿನ ಜೊತೆಗೆ ಪಾದವೂ ಪಳಗುತ್ತದೆ. ಮೆಲ್ಲಮೆಲ್ಲನೆ ಉಜ್ಜಿಸಿಕೊಂಡ ಚರ್ಮ ದಪ್ಪವಾಗುತ್ತದೆ.

ಹೊಸ ಮೆಟ್ಟಿಗೆ ಹರಳೆಣ್ಣೆ ಸವರುವ ನಮ್ಮ ಹಿರಿಯರ ಪದ್ಧತಿ ಅಪ್ಪಟ ಚರ್ಮಕ್ಕೆ ಇಂದಿಗೂ ಒಪ್ಪುತ್ತದೆ. ಮಡಿಕೆ ಬೀಳುವ ಜಾಗಕ್ಕೆ, ಹಿಮ್ಮಡಿಯ ಅಂಚಿಗೆ ಬಟ್ಟೆಯಿಂದ ತೆಳುವಾಗಿ ಸವರಿದರೆ ಸಾಕು. ಸುರಿದರೆ ಚರ್ಮ ಜೋಲುತ್ತದೆ. ರೆಕ್ಸಿನ್, ಬಟ್ಟೆಗಳಿಗೆ ಎಣ್ಣೆಯಿಂದ ಪ್ರಯೋಜನವಿಲ್ಲ. ಬೇಗ ಮೆದುವಾಗಲೆಂದು ಬೂಟನ್ನು ನೀರಲ್ಲಿ ನೆನೆಹಾಕುವುದು, ಒಲೆಯ ಪಕ್ಕದಲ್ಲಿಟ್ಟು ಕಾಯಿಸುವುದು ಬೇಡ. ಅಂಟು ಬಿಡುತ್ತದೆ, ಚರ್ಮ ಸೀಳುತ್ತದೆ. ಒಂದೇ ಕಡೆ ಒತ್ತುತ್ತಿದ್ದರೆ ಮೋಚಿಯ ಬಳಿಗೆ ಒಯ್ಯಿರಿ. ಅಚ್ಚಿಟ್ಟು ಆ ಭಾಗವನ್ನಷ್ಟೇ ಹಿಗ್ಗಿಸುವ ವಿದ್ಯೆ ಅವರಲ್ಲಿದೆ. ಕಲ್ಯಾಣದ ಶರಣರಲ್ಲಿ ಚಮ್ಮಾವುಗೆ ಹೊಲಿದ ಹರಳಯ್ಯನವರನ್ನು ಎಂಟು ಶತಮಾನಗಳಿಂದ ನೆನೆಯುತ್ತ ಬಂದ ನಾಡು ಇದು. ಆದರೂ ಮೆಟ್ಟು ಹೊಲಿದವನೇ ಅದನ್ನು ಮೆಟ್ಟಿ ಊರೊಳಗೆ ನಡೆಯುವಂತಿರಲಿಲ್ಲ ಎಂಬ ಕಾಲವನ್ನೂ ಈ ನಾಡೇ ಕಂಡಿದೆ. ಪಾದದ ಮಾತಾಡುವಾಗ ಇದನ್ನು ಮರೆತರೆ ಮಾತು ಅಪೂರ್ಣ. ಬೂಟು ಹರಿದಾಗ ಬಿಸಾಡದೆ ಹೊಲಿಸುವುದು ಆ ಕುಶಲತೆಯನ್ನೂ ಉಳಿಸಿದಂತೆ.

ನಡಿಗೆಯ ದಿನದ ಸಿದ್ಧತೆ ಸರಳ. ಉಗುರನ್ನು ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿ. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಉಣ್ಣೆಯ ಅಥವಾ ಆಟಗಾರರು ಬಳಸುವ ನೈಲಾನ್ ಬೆರೆತ ಕಾಲುಚೀಲ ಮೇಲು. ಹತ್ತಿಯದೇ ಇದ್ದರೆ ಇನ್ನೊಂದು ಜೊತೆ ಚೀಲದಲ್ಲಿರಲಿ, ನಡುದಾರಿಯಲ್ಲಿ ಬದಲಿಸಿ. ಒಳಗೊಂದು ತೆಳ್ಳನೆಯದು, ಹೊರಗೊಂದು ದಪ್ಪನೆಯದು ಹಾಕಿದರೆ ಉಜ್ಜಾಟ ಎರಡು ಬಟ್ಟೆಗಳ ನಡುವೆ ನಡೆದು ಚರ್ಮ ಉಳಿಯುತ್ತದೆ. ಬೂಟಿನಲ್ಲಿ ಅದಕ್ಕೆ ಜಾಗವಿರಬೇಕಷ್ಟೆ. ಉತ್ತರಾಣಿಯ ಬೀಜ, ಹುಲ್ಲಿನ ಮುಳ್ಳು, ಮರಳಕಣ ಒಳಗೆ ಹೊಕ್ಕರೆ ಆಗಲೇ ಕೊಡವಿಕೊಳ್ಳಿ. ಗುಳ್ಳೆ ಏಳುವ ಜಾಗ ಗೊತ್ತಿದ್ದವರು ಅಲ್ಲಿಗೆ ಮೊದಲೇ ಔಷಧದಂಗಡಿಯ ಕಾಗದದ ಅಂಟುಪಟ್ಟಿಯನ್ನು ಸುಕ್ಕಿಲ್ಲದೆ ಅಂಟಿಸಿಕೊಳ್ಳಬಹುದು. ಸುಮಾರು 250 ಕಿಲೋಮೀಟರ್ ಓಟದಲ್ಲಿ 128 ಓಟಗಾರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಅಗ್ಗದ ಪಟ್ಟಿ ಗುಳ್ಳೆಗಳನ್ನು ಶೇ. 40ರಷ್ಟು ತಗ್ಗಿಸಿತ್ತು. ಇಳಿಯುವ ಮುನ್ನ ಕಾಲಗಿಣ್ಣಿನ ಬಳಿ ಲೇಸನ್ನು ಮತ್ತೊಮ್ಮೆ ಬಿಗಿಯಿರಿ. ಪಾದ ಮುಂದೆ ಜಾರಿ ಬೆರಳು ಜಜ್ಜಿಹೋಗುವುದು ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಗುಳ್ಳೆ ಹೇಳದೆ ಬರುವುದಿಲ್ಲ. ಮೊದಲು ಆ ಜಾಗ ಬಿಸಿಯಾಗುತ್ತದೆ, ಚುರುಗುಟ್ಟುತ್ತದೆ. ಆಗಲೇ ಕುಳಿತು, ಬೂಟು ಬಿಚ್ಚಿ, ಒರಸಿ, ಪಟ್ಟಿ ಅಂಟಿಸಿದರೆ ಐದು ನಿಮಿಷದ ಕೆಲಸ. ಆದರೆ ಹುಡುಗರು ನಿಲ್ಲುವುದಿಲ್ಲ. ಹಿಂದೆ ಬಿದ್ದರೆ ನಗುತ್ತಾರೆಂಬ ಸಂಕೋಚ. ಹೆಣ್ಣುಮಕ್ಕಳಲ್ಲಿ ಈ ಸಂಕೋಚ ಇನ್ನೂ ಹೆಚ್ಚು. ಆದ್ದರಿಂದ ತಂಡದ ಮುಂದಾಳುಗಳು ಹೊರಟ ಅರ್ಧ ಗಂಟೆಗೆ ತಾವೇ ನಿಂತು, 'ಯಾರ ಕಾಲು ಚುರುಗುಟ್ಟುತ್ತಿದೆ?' ಎಂದು ಕೇಳುವ ನಿಯಮ ಮಾಡಿಕೊಳ್ಳಬೇಕು. ಕೇಳುವ ಮೊದಲು ತಮ್ಮ ಬೂಟನ್ನು ಬಿಚ್ಚಿ ಕುಳಿತರೆ ಉಳಿದವರಿಗೂ ಬಾಯಿ ಬರುತ್ತದೆ.

ಇಷ್ಟಾಗಿಯೂ ಗುಳ್ಳೆ ಎದ್ದರೆ? ಸಣ್ಣದಾಗಿದ್ದು ನೋವಿಲ್ಲದಿದ್ದರೆ ಒಡೆಯಬೇಡಿ. ಮೇಲಿನ ಚರ್ಮಕ್ಕಿಂತ ಒಳ್ಳೆಯ ಪಟ್ಟಿ ಇನ್ನೊಂದಿಲ್ಲ. ಸುತ್ತಲೂ ಸಿಂಬೆಯಂತೆ ಮೆತ್ತನೆಯ ಬಟ್ಟೆಯಿಟ್ಟು ಒತ್ತಡ ತಪ್ಪಿಸಿ. ದೊಡ್ಡದಾಗಿ ನಡೆಯಲಾಗದಂತಿದ್ದರೆ, ಸಾಬೂನಿನಿಂದ ಕೈಯನ್ನೂ ಗುಳ್ಳೆಯನ್ನೂ ತೊಳೆದು, ಸ್ಪಿರಿಟ್‌ನಿಂದ ಒರಸಿದ ಸೂಜಿಯಲ್ಲಿ ಅಂಚಿಗೆ ಚುಚ್ಚಿ ನೀರನ್ನಷ್ಟೇ ಹೊರಹಾಕಿ, ಸ್ವಚ್ಛ ಪಟ್ಟಿ ಕಟ್ಟಿ. ಚರ್ಮವನ್ನು ಕೀಳಬೇಡಿ. ಸುಣ್ಣ, ಸಗಣಿ, ಬೀಡಿಯ ಬೂದಿ ಯಾವುದೂ ಬೇಡ. ಸುತ್ತಲಿನ ಕೆಂಪು ಹಬ್ಬಿದರೆ, ಕೀವಾದರೆ, ಕೆಂಪು ಗೆರೆ ಮೇಲೇರಿದರೆ, ಜ್ವರ ಬಂದರೆ ಅಂದೇ ವೈದ್ಯರ ಬಳಿಗೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯಿರುವವರು ಗುಳ್ಳೆಯನ್ನು ಚುಚ್ಚಲೇಕೂಡದು. ಅವರಲ್ಲಿ ಅನೇಕರಿಗೆ ಪಾದದ ಸ್ಪರ್ಶವೇ ಕುಂದಿರುವುದರಿಂದ ಚುರುಗುಟ್ಟುವ ಎಚ್ಚರಿಕೆಯೂ ತಲುಪುವುದಿಲ್ಲ. ಅವರು ದಿನವೂ ರಾತ್ರಿ ದೀಪದ ಬೆಳಕಿನಲ್ಲಿ ಪಾದವನ್ನು ನೋಡಿಕೊಳ್ಳಬೇಕು, ಕಣ್ಣು ಮಂಜಾಗಿದ್ದರೆ ಮಕ್ಕಳು ನೋಡಬೇಕು.

ಬಳಸಿದ ಪಟ್ಟಿಯ ಚೂರುಗಳನ್ನು ಬೆಟ್ಟದಲ್ಲಿ ಎಸೆಯದೆ ಜೇಬಿನಲ್ಲಿಟ್ಟು ತನ್ನಿ. ಈಗ ಎಲ್ಲರೂ ನಿಮ್ಮ ಬೂಟು ಬಿಚ್ಚಿ ಪಕ್ಕದವರ ಹಿಮ್ಮಡಿಯನ್ನು ನೋಡಿ. ಕೆಂಪಾಗಿದ್ದವರು ಈ ವಾರದ ನಡಿಗೆಗೆ ಹಳೆಯ ಜೋಡನ್ನೇ ಹಾಕಿಕೊಂಡು ಬನ್ನಿ. ಹೊಸದು ಮೂರು ವಾರ ಕಾಯಲಿ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.