ಮಗು ಕಾಣೆಯಾದ ರಾತ್ರಿ ಕಾನೂನು ಎಲ್ಲಿರುತ್ತದೆ?
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಅಪಹರಣದ ಕಾನೂನಿನ ಬಗ್ಗೆ ಮಾತಾಡು ಅಂತ ಕಾರ್ಯದರ್ಶಿಯವರು ಹೇಳಿದಾಗ ನಕ್ಕುಬಿಟ್ಟೆ. ನಾನು ವಕೀಲೆಯಲ್ಲ, ಸಾಫ್ಟ್‌ವೇರ್‌ನವಳು. ಆದರೆ ಹೋದ ವರ್ಷ ಒಂದು ರಾತ್ರಿ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಓದಿದವಳು ನಾನೇ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಒಪ್ಪಿಕೊಂಡೆ.

ಅಪಹರಣ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು 2000ದ ಜುಲೈ 30. ಗಾಜನೂರಿನ ಮನೆಯಿಂದ ಅಣ್ಣಾವ್ರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ. ನಾನಾಗ ಬೆಂಗಳೂರಿನಲ್ಲಿ ಸ್ಕೂಲು ಹುಡುಗಿ. ಸ್ಕೂಲಿಗೆ ರಜೆ ಅಂತ ಕುಣಿದು ಅಮ್ಮನಿಂದ ಬೈಸಿಕೊಂಡದ್ದು ಈಗಲೂ ನೆನಪಿದೆ. 108 ದಿನ ಆದಮೇಲೆ ಅವರು ಬಿಡುಗಡೆಯಾದರು. ನಮ್ಮ ನೆನಪಿನಲ್ಲಿ ಕಥೆ ಅಲ್ಲಿಗೆ ಮುಗಿದಿದೆ. ಕೋರ್ಟಿನಲ್ಲಿ ಮುಗಿದಿರಲಿಲ್ಲ. ಮೈಸೂರಿನಲ್ಲಿ ಟಾಡಾ ಕಾಯ್ದೆಯಡಿ ಬಂಧನದಲ್ಲಿದ್ದವರನ್ನು ಬಿಡಬೇಕೆಂಬುದು ವೀರಪ್ಪನ್ನನ ಬೇಡಿಕೆಗಳಲ್ಲೊಂದು. ಸರ್ಕಾರ ಆ ಮೊಕದ್ದಮೆ ಹಿಂದಕ್ಕೆ ಪಡೆಯಲು ಹೊರಟಾಗ, ವೀರಪ್ಪನ್ ಕೈಯಲ್ಲಿ ಪೊಲೀಸ್ ಅಧಿಕಾರಿ ಮಗನನ್ನು ಕಳೆದುಕೊಂಡಿದ್ದ ಒಬ್ಬ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಆ ಬಿಡುಗಡೆಯನ್ನು ತಡೆಯಿತು. ಒಂದು ಕಡೆ ಇಡೀ ನಾಡು ಕಾಯುತ್ತಿದ್ದ ಜೀವ, ಇನ್ನೊಂದು ಕಡೆ ಈಗಾಗಲೇ ಹೋಗಿಬಿಟ್ಟಿದ್ದ ಜೀವ. ಆ ತಂದೆಯ ಮೇಲೆ ನಮ್ಮಲ್ಲಿ ಎಷ್ಟು ಜನ ಆಗ ಸಿಟ್ಟಾಗಿದ್ದೆವೋ! ಗಾಜನೂರು ತಮಿಳುನಾಡಿನಲ್ಲಿರುವುದರಿಂದ ಅಪಹರಣದ ವಿಚಾರಣೆ ಗೋಬಿಚೆಟ್ಟಿಪಾಳ್ಯದಲ್ಲಿ ನಡೆಯಿತು. 2018ರ ಸೆಪ್ಟೆಂಬರ್‌ನಲ್ಲಿ, ಅಂದರೆ 18 ವರ್ಷದ ಮೇಲೆ, ಒಂಬತ್ತು ಆರೋಪಿಗಳೂ ಖುಲಾಸೆಯಾದರು. ಅಷ್ಟರಲ್ಲಿ ಅಣ್ಣಾವ್ರು, ಪಾರ್ವತಮ್ಮನವರು, ವೀರಪ್ಪನ್ ಮೂವರೂ ಇರಲಿಲ್ಲ.

ಈಗ ನಮ್ಮ ಹೈದರಾಬಾದಿಗೆ ಬರೋಣ. ನಮ್ಮ ಅಪಾರ್ಟ್‌ಮೆಂಟಿಗೆ ಮನೆಗೆಲಸಕ್ಕೆ ಬರುವ ಯಾದಗಿರಿ ಕಡೆಯ ಅಮ್ಮ ಒಬ್ಬರಿದ್ದಾರೆ. ಆವತ್ತು ರಾತ್ರಿ ಎಂಟೂವರೆಗೆ ಬಾಗಿಲು ಬಡಿದರು. "ಅಕ್ಕೋರೆ, ಹುಡುಗಿ ಟ್ಯೂಷನ್ನಿಗಿ ಹೋದಾಕಿ ಇನ್ನಾ ಮನಿಗಿ ಬಂದಿಲ್ರೀ." ಹುಡುಗಿಗೆ 15 ವರ್ಷ. ಇಬ್ಬರೂ ಸ್ಟೇಷನ್ನಿಗೆ ಹೋದೆವು. ಅಲ್ಲಿದ್ದವರು ತೆಲುಗಿನಲ್ಲಿ ಸಮಾಧಾನವಾಗಿಯೇ ಹೇಳಿದರು: ಬೆಳಿಗ್ಗೆವರೆಗೆ ನೋಡಿ, ಯಾರ ಜೊತೆಗೋ ಹೋಗಿರುತ್ತಾಳೆ, ಕೇಸು ಅಂತಾದರೆ ಹುಡುಗಿಯ ಹೆಸರೇ ಕೆಡುತ್ತದೆ. ಆ ಮಾತಿಗೆ ತಾಯಿ ತಲೆ ತಗ್ಗಿಸಿಬಿಟ್ಟರು. ಎದ್ದು ಹೊರಡಲೂ ಸಿದ್ಧರಾದರು. ನನಗೆ ಹೆದರಿಕೆಯಾದದ್ದು ಆ ಕ್ಷಣದಲ್ಲಿ.

ಬೆಂಚಿನ ಮೇಲೆ ಕೂತು ಹುಡುಕಿದಾಗ ಸಿಕ್ಕಿದ್ದು 2013ರ ನವೆಂಬರ್‌ನ ಲಲಿತಾ ಕುಮಾರಿ ತೀರ್ಪು. ಉತ್ತರ ಪ್ರದೇಶದಲ್ಲಿ ಒಬ್ಬ ತಂದೆ, ಅಪ್ರಾಪ್ತ ಮಗಳ ಅಪಹರಣವಾಗಿದೆ ಎಂದು 2008ರಲ್ಲಿ ಸ್ಟೇಷನ್ನಿಗೆ ಹೋದರೆ ದೂರು ದಾಖಲಾಗಲಿಲ್ಲ. ಅದೇ ದೂರು ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಎಂದು ದೂರಿನಿಂದ ಕಂಡುಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದಿತು ಕೋರ್ಟು. ಅಪಹರಣ ಅಂಥ ಅಪರಾಧವೇ. ಅದೇ ವರ್ಷದ ಮೇ ತಿಂಗಳಲ್ಲಿ, ಬಚಪನ್ ಬಚಾವೊ ಆಂದೋಲನ ಹಾಕಿದ್ದ ಅರ್ಜಿಯಲ್ಲಿ, ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಎಫ್‌ಐಆರ್ ಮಾಡಿ, ಅಪಹರಣ ಅಥವಾ ಸಾಗಾಣಿಕೆ ಎಂದೇ ಭಾವಿಸಿ ತನಿಖೆ ಶುರುಮಾಡಿ ಎಂದಿತ್ತು. 24 ಗಂಟೆ ಕಾಯಬೇಕು ಎಂಬುದು ಸಿನಿಮಾದಲ್ಲಿ ಮಾತ್ರ ಇರುವ ನಿಯಮ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ಯಾವ ಠಾಣೆಗೆ ಬೇಕಾದರೂ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ ಕಳಿಸಬಹುದು, ಅದಕ್ಕೂ ಬಗ್ಗದಿದ್ದರೆ ಮ್ಯಾಜಿಸ್ಟ್ರೇಟ್. ಆ ರಾತ್ರಿ ನಾನು ಜಗಳವಾಡಲಿಲ್ಲ. "ಸಾರ್, ಆಗುವುದಿಲ್ಲ ಅನ್ನುವುದನ್ನೇ ಬರೆದು ಕೊಡಿ" ಎಂದೆ. ಹನ್ನೊಂದು ಗಂಟೆಗೆ ಎಫ್‌ಐಆರ್ ಆಯಿತು. ಆಮೇಲೇ ಫೋನ್ ಟವರ್ ಹುಡುಕುವ ಕೆಲಸ ಶುರುವಾದದ್ದು. ಎರಡನೇ ದಿನ ಮಧ್ಯಾಹ್ನ ವಿಜಯವಾಡ ಬಸ್ ನಿಲ್ದಾಣದಲ್ಲಿ ಹುಡುಗಿ ಸಿಕ್ಕಳು. ಜೊತೆಗೆ 20 ವರ್ಷದ ಹುಡುಗ.

ಇಲ್ಲಿಂದ ಮುಂದೆ ನನಗೂ ಕಷ್ಟವಾಯಿತು. ಏಕೆಂದರೆ ಆಕೆ "ನಾನೇ ಹೋಗಿದ್ದು" ಅಂದಳು.

ಕನ್ನಡದಲ್ಲಿ ನಾವು ಎಲ್ಲಕ್ಕೂ ಅಪಹರಣ ಎಂದುಬಿಡುತ್ತೇವೆ. ಕಾನೂನಿನಲ್ಲಿ ಕಿಡ್ನ್ಯಾಪಿಂಗ್ ಬೇರೆ, ಅಬ್ಡಕ್ಷನ್ ಬೇರೆ. ಎರಡನೆಯದರಲ್ಲಿ ಬಲವಂತವೋ ಮೋಸವೋ ಇರಬೇಕು. ಮೊದಲನೆಯದಕ್ಕೆ ಅದು ಬೇಕಿಲ್ಲ. 18 ತುಂಬದ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಅವರ ಸುಪರ್ದಿಯಿಂದ ಕರೆದೊಯ್ದರೂ, ಪುಸಲಾಯಿಸಿದರೂ ನ್ಯಾಯ ಸಂಹಿತೆಯ 137ನೇ ಕಲಂ ಪ್ರಕಾರ ಅಪರಾಧ. ಏಳು ವರ್ಷದವರೆಗೆ ಶಿಕ್ಷೆ. ಹಳೆಯ ಕಾಯ್ದೆಯಲ್ಲಿ ಗಂಡುಮಕ್ಕಳಿಗೆ ಈ ರಕ್ಷಣೆ 16ಕ್ಕೇ ನಿಲ್ಲುತ್ತಿತ್ತು, ಈಗ ಇಬ್ಬರಿಗೂ 18. ಮಗುವಿನ ಒಪ್ಪಿಗೆ ಲೆಕ್ಕಕ್ಕಿಲ್ಲ.

ಆದರೂ 'ಕರೆದೊಯ್ಯುವುದು' ಅಂದರೆ ಏನು ಎಂದು ಕೋರ್ಟು ಕೇಳಿದೆ. 1960ರಲ್ಲಿ ಮದರಾಸಿನಲ್ಲಿ, 18ಕ್ಕೆ ಸ್ವಲ್ಪವೇ ಕಡಿಮೆ ವಯಸ್ಸಿನ ಕಾಲೇಜು ಹುಡುಗಿ ತಾನೇ ಫೋನ್ ಮಾಡಿ ಪ್ರಿಯಕರನನ್ನು ಕರೆಸಿಕೊಂಡು ರಿಜಿಸ್ಟ್ರಾರ್ ಕಚೇರಿಗೆ ಹೋದಳು. ಅವನಿಗೆ ಶಿಕ್ಷೆಯಾಯಿತು. ಅದೇ ವರದರಾಜನ್ ಪ್ರಕರಣ. 1964ರಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು: ಬುದ್ಧಿ ಬಲಿತ ಹುಡುಗಿ ತಾನಾಗಿ ಹೊರಟು ಬಂದಾಗ ಜೊತೆಗೆ ಹೋಗುವುದು ಕರೆದೊಯ್ದಂತಲ್ಲ. ಆದರೆ 1973ರ ರಾಜಾರಾಂ ಪ್ರಕರಣದಲ್ಲಿ, 14 ವರ್ಷದ ಹುಡುಗಿಯ ವಿಷಯದಲ್ಲಿ, ಪುಸಲಾಯಿಸಿ ಬರುವ ಮನಸ್ಸು ಹುಟ್ಟಿಸಿದರೂ ಸಾಕು ಎಂದಿತು. ನಮ್ಮ ಹುಡುಗಿ ಈ ಎರಡರ ನಡುವೆ ನಿಂತಿದ್ದಾಳೆ. ತಿಂಗಳುಗಟ್ಟಲೆ ಬಂದ ಮೆಸೇಜುಗಳನ್ನು ನಾನು ನೋಡಿದ್ದೇನೆ. ನನ್ನ ಲೆಕ್ಕದಲ್ಲಿ ಅದು ಪುಸಲಾಯಿಸುವಿಕೆಯೇ. ಆದರೆ 17 ದಾಟಿದ ಮಗಳು ಬೇರೆ ಜಾತಿಯವನನ್ನು ಇಷ್ಟಪಟ್ಟಳೆಂದು ಇದೇ ಕಲಮನ್ನು ಕೋಲಾಗಿ ಬಳಸುವ ಮನೆಗಳೂ ಇವೆ. ಅದನ್ನೂ ಈ ಸಭೆಯಲ್ಲಿ ಹೇಳಲೇಬೇಕು.

ಹಣಕ್ಕಾಗಿ ಅಪಹರಿಸಿದರೆ ಮರಣದಂಡನೆಯವರೆಗೆ ಹೋಗಬಹುದು. ಅಲ್ಲೂ ಕೋರ್ಟು ಅಳೆದು ನೋಡುತ್ತದೆ. ನಮ್ಮ ಊರಿನಲ್ಲೇ ಪಿಕ್ನಿಕ್‌ಗೆ ಹೋಗಿದ್ದ ಆರನೇ ಕ್ಲಾಸಿನ ಹುಡುಗನನ್ನು ಆಟೋ ಡ್ರೈವರ್ ಒಬ್ಬ ಕರೆದೊಯ್ದು ಎರಡು ಲಕ್ಷ ಕೇಳಿದ. ಜೀವಾವಧಿ ಶಿಕ್ಷೆಯಾಗಿತ್ತು. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಏಳು ವರ್ಷಕ್ಕೆ ಇಳಿಸಿತು. ಹಣ ಕೇಳಿದ್ದು ಮಾತ್ರ ಸಾಲದು, ಕೊಲ್ಲುವ ಅಥವಾ ಗಾಯಗೊಳಿಸುವ ಬೆದರಿಕೆಯೋ ಅಂಥ ಭಯ ಹುಟ್ಟಿಸುವ ನಡತೆಯೋ ಸಾಬೀತಾಗಬೇಕು. ತನ್ನನ್ನು ಚೆನ್ನಾಗಿಯೇ ನೋಡಿಕೊಂಡ ಎಂದು ಆ ಹುಡುಗನೇ ಸಾಕ್ಷಿ ಹೇಳಿದ್ದ. ಓದಿದಾಗ ತಾಯಿಯಾಗಿ ನನಗೆ ಸಿಟ್ಟು ಬಂತು. ಎರಡನೇ ಸಲ ಓದಿದಾಗ ಸರಿ ಅನ್ನಿಸಿತು.

ಇನ್ನೊಂದು ಮಾತು, ಈ ವೇದಿಕೆಯಲ್ಲೇ ಇಬ್ಬರು ನನ್ನನ್ನು ಕೇಳಿದ್ದು. ಬೇರೆಯಾದ ಗಂಡ ಮಗುವನ್ನು ಎತ್ತಿಕೊಂಡು ಹೋದರೆ? ಕೋರ್ಟಿನ ಆದೇಶ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಅಪಹರಣ ಆಗುವುದಿಲ್ಲ, ತಂದೆಯೂ ಸಹಜ ಪೋಷಕನೇ. ದಾರಿ ಇರುವುದು ಫ್ಯಾಮಿಲಿ ಕೋರ್ಟಿನಲ್ಲಿ, ತುರ್ತಾದರೆ ಹೈಕೋರ್ಟಿನ ಹೇಬಿಯಸ್ ಕಾರ್ಪಸ್ ಅರ್ಜಿಯಲ್ಲಿ. ಬೇರೆ ಇರಲು ಶುರುಮಾಡಿದ ಕೂಡಲೇ ಮಗುವಿನ ಸುಪರ್ದಿಯ ಆದೇಶ ತೆಗೆದುಕೊಳ್ಳಿ.

ಫೋನಿನಲ್ಲಿ 112 ಮತ್ತು ಮಕ್ಕಳ ಸಹಾಯವಾಣಿ 1098 ಈಗಲೇ ಉಳಿಸಿಕೊಳ್ಳಿ, ನಾನು ಕಾಯುತ್ತೇನೆ.

ಹುಡುಗಿ ಮತ್ತೆ ಸ್ಕೂಲಿಗೆ ಹೋಗುತ್ತಿದ್ದಾಳೆ. ಕೇಸು ಇನ್ನೂ ನಡೆದಿದೆ. ಅವಳ ಅಮ್ಮ ಮೊನ್ನೆ ಪಾತ್ರೆ ತೊಳೆಯುತ್ತಾ ಕೇಳಿದರು, "ಅಕ್ಕೋರೆ, ಆ ಹುಡುಗಗ ಜೈಲಾಗ್ತದೇನ್ರಿ? ಅವಗೂ ಅವ್ವ ಇದ್ದಾಳ." ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾಯಿದೆ ಬರುವ ತಿಂಗಳು ಇದೆ, ಆವತ್ತು ನಾನೂ ರಜೆ ಹಾಕಿದ್ದೇನೆ.

ಪ್ರಶ್ನೆಗಳಿದ್ದರೆ ಕೇಳಿ.