‘ವ್ಯಕ್ತಿ’ ಎಂಬ ಒಂದು ಪದ



ನಮ್ಮಲ್ಲಿ ಬಹಳಷ್ಟು ಜನ ವೀಸಾ ಮೇಲೆ ಇರೋರು, ಇಲ್ಲಿ ಓಟು ಹಾಕೋ ಹಾಗಿಲ್ಲ. ಹಾಗಾದ್ರೆ ಅಮೆರಿಕದ ಸಂವಿಧಾನಕ್ಕೂ ನಮಗೂ ಏನು ಸಂಬಂಧ ಅಂತ ಗೆಳೆಯರು ನನ್ನನ್ನು ಕೇಳ್ತಾರೆ.

ಹಕ್ಕುಗಳು ಹುಟ್ಟಿನಿಂದಲೇ ಬಂದವು, ಅವನ್ನು ಕಾಯಲಿಕ್ಕೇ ಸರ್ಕಾರ ಇರೋದು ಎಂದು ಜಾನ್ ಲಾಕ್ ವಾದಿಸಿದ್ದ. 1776ರ ಸ್ವಾತಂತ್ರ್ಯ ಘೋಷಣೆ ನಿಂತಿರುವುದು ಇದೇ ವಿಚಾರದ ಮೇಲೆ. ಗುಲಾಮರಿಗೆ ಮಾತ್ರ ಅದು ದಕ್ಕಲಿಲ್ಲ. ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, 14ನೇ ತಿದ್ದುಪಡಿ ಬಂತು. ಕಾನೂನಿನ ಸಮಾನ ರಕ್ಷಣೆಯನ್ನು ಅದು ಕೊಟ್ಟದ್ದು ಯಾವುದೇ ‘ವ್ಯಕ್ತಿ’ಗೆ, ಅಲ್ಲಿ ‘ಪ್ರಜೆ’ ಎಂಬ ಪದ ಬಳಸಲಿಲ್ಲ.

ಆ ಪದದ ಬೆಲೆ ಗೊತ್ತಾದದ್ದು ನಮ್ಮಂಥ ವಲಸಿಗರಿಂದಲೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ನಗರಾಡಳಿತದ ಅನುಮತಿ ಬೇಕಿತ್ತು. ಅರ್ಜಿ ಹಾಕಿದ ಸುಮಾರು 200 ಚೀನೀಯರಲ್ಲಿ ಒಬ್ಬರಿಗೂ ಸಿಗಲಿಲ್ಲ. ಉಳಿದವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ತು. 1886ರ ಯಿಕ್ ವೋ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ಈ ರಕ್ಷಣೆ ಪ್ರಜೆಗಳಿಗಷ್ಟೇ ಸೀಮಿತವಲ್ಲ, ಈ ನೆಲದಲ್ಲಿರುವ ಎಲ್ಲರಿಗೂ ಸಲ್ಲುತ್ತೆ.

ಭಾರತದ ಸಂವಿಧಾನದ 14ನೇ ವಿಧಿಯಲ್ಲೂ ಇರೋದು ‘ವ್ಯಕ್ತಿ’ಯೇ. ವೀಸಾ ಮುಗಿದರೆ ಹೊರಡಬೇಕು, ನಿಜ. ಇರುವಷ್ಟು ದಿನ ಮಾತ್ರ, ಅನ್ಯಾಯವಾದರೆ ಕೋರ್ಟಿನ ಬಾಗಿಲು ನಮಗೂ ತೆರೆದಿದೆ ಅನ್ನೋದನ್ನು ಮರೀಬೇಡಿ.