ಮೆಚ್ಚಿನ ಚಿತ್ರಗಳ ವರ್ಗೀಕರಣ: ದಶಕದ ಲೆಕ್ಕ, ಪ್ರಕಾರದ ವಾದ



ಕನ್ನಡ ಚಲನಚಿತ್ರಗಳನ್ನು ಪ್ರಕಾರ ಮತ್ತು ದಶಕಗಳ ಮೇಲೆ ವಿಂಗಡಿಸಿ ಮೆಚ್ಚಿನ ಚಿತ್ರಗಳ ಪಟ್ಟಿ ಮಾಡುವ ಕೆಲಸದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಳತೆಗಳು ಜೊತೆಯಾಗಿ ಬಳಕೆಯಾಗುತ್ತವೆ. ದಶಕವು ಪಂಚಾಂಗದಿಂದ ಬಂದ ಅಳತೆಯಾದ್ದರಿಂದ ಅದು ಚಿತ್ರದ ಹೊರಗೇ ನಿಲ್ಲುತ್ತದೆ. ಪ್ರಕಾರವಾದರೋ, ಕಥಾವಸ್ತು, ನಿರೂಪಣೆಯ ರೀತಿ ಮತ್ತು ಟಿಕೆಟ್ ಕೊಳ್ಳುವಾಗ ಪ್ರೇಕ್ಷಕನು ಇಟ್ಟುಕೊಂಡಿರುವ ನಿರೀಕ್ಷೆ ಈ ಮೂರೂ ಕೂಡಿ ಒಂದು ಚಿತ್ರವನ್ನು ಅದರಂಥ ಬೇರೆ ಚಿತ್ರಗಳ ಸಾಲಿಗೆ ಸೇರಿಸುವ ಗುಣವಾದ್ದರಿಂದ, ಅದು ಒಂದಿಷ್ಟು ಚಿತ್ರದ ಒಳಗೂ ಒಂದಿಷ್ಟು ನೋಡುವವರ ಮನಸ್ಸಿನಲ್ಲೂ ಇರುತ್ತದೆ. ಬೊಮ್ಮಸಂದ್ರದ ಈ ಸಮಾವೇಶದ ಗೋಷ್ಠಿಗಳಲ್ಲಿ ನಡೆಯಲಿರುವ ವಾದವಿವಾದಗಳ ಬಹುಪಾಲು ಈ ಎರಡು ಅಳತೆಗಳನ್ನು ಒಂದೇ ಎಂದು ಬಗೆಯುವುದರಿಂದ ಹುಟ್ಟುವಂಥವು.

ಕನ್ನಡ ಚಿತ್ರರಂಗವು ಮೊದಲು ಬಳಸಿದ ಪ್ರಕಾರದ ಹೆಸರುಗಳು ಕಂಪನಿ ನಾಟಕದಿಂದ ಬಂದವು. ಪೌರಾಣಿಕ, ಭಕ್ತಿಪ್ರಧಾನ, ಐತಿಹಾಸಿಕ, ಸಾಮಾಜಿಕ ಎಂಬ ವಿಂಗಡಣೆ ನಾಟಕದ ಕರಪತ್ರಗಳಲ್ಲಿ ಆಗಲೇ ರೂಢಿಯಲ್ಲಿತ್ತು. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ರಾವಣನಾಗಿ ಆರ್. ನಾಗೇಂದ್ರರಾಯರೂ ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು ಅವರೂ ಅಭಿನಯಿಸಿದಾಗ, ರಂಗದ ಮೇಲೆ ಅವರನ್ನು ಕಂಡಿದ್ದವರಿಗೆ ಅದು ಯಾವ ಬಗೆಯ ಚಿತ್ರವೆಂದು ಬೇರೆಯಾಗಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಗುಬ್ಬಿ ಕಂಪನಿಯ ‘ಸದಾರಮೆ’ 1935ರಲ್ಲಿ ಪರದೆಗೆ ಬಂದಾಗಲೂ ಹೀಗೆಯೇ ಆಯಿತು. ಮರುವರ್ಷ ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕ’ ಬಂದು ‘ಸಾಮಾಜಿಕ’ ಎಂಬ ಹೆಸರಿಗೆ ಚಿತ್ರರಂಗದಲ್ಲಿ ಜಾಗ ಮಾಡಿಕೊಟ್ಟಿತು. ಅದೂ ರಂಗದ ಮೇಲೆ ಹೆಸರು ಮಾಡಿದ್ದ ನಾಟಕವೇ. ಹೀಗೆ ರಂಗಭೂಮಿಯಿಂದ ಎರವಲು ಪಡೆದ ಈ ನಾಲ್ಕೈದು ಹೆಸರುಗಳು ಹತ್ತಿರಹತ್ತಿರ ಮೂವತ್ತು ವರ್ಷ ಸಾಕಾದವು. ‘ಬೇಡರ ಕಣ್ಣಪ್ಪ’ (1954) ಭಕ್ತಿಪ್ರಧಾನ, ‘ಸ್ಕೂಲ್ ಮಾಸ್ಟರ್’ (1958) ಸಾಮಾಜಿಕ, ‘ರಣಧೀರ ಕಂಠೀರವ’ (1960) ಐತಿಹಾಸಿಕ ಎಂದು ಹೇಳಿದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ತಕರಾರು ಆರಂಭವಾದದ್ದು ಅರವತ್ತರ ದಶಕದ ಕೊನೆಗೆ. 1967ರಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ ತೆಗೆದರು; ಮರುವರ್ಷ ದೊರೆ-ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿಸಿ, ಬಾಂಡ್ ಚಿತ್ರಗಳ ಕನ್ನಡ ಅವತಾರವೊಂದನ್ನು ನಿಲ್ಲಿಸಿದರು. ಹೆಣ್ಣಿನ ಒಳಮನಸ್ಸನ್ನು ಕಾಣುವ ಚಿತ್ರವನ್ನೂ ಪಿಸ್ತೂಲು ಹಿಡಿದ ಗೂಢಚಾರನ ಚಿತ್ರವನ್ನೂ ‘ಸಾಮಾಜಿಕ’ವೆಂಬ ಒಂದೇ ಹೆಸರಿನಡಿ ತುಂಬುವುದು ಆಗ ಅಸಾಧ್ಯವಾಯಿತು. 1970ರಲ್ಲಿ ‘ಸಂಸ್ಕಾರ’ ಬಂದ ಮೇಲೆ ಪ್ರಶ್ನೆ ಇನ್ನೂ ಗಂಟಾಯಿತು. ಫ್ರಾನ್ಸಿನ ಚಳವಳಿಯೊಂದರ ಹೆಸರನ್ನು ಅನುಸರಿಸಿ ‘ಹೊಸ ಅಲೆ’ ಎಂದು ಕರೆಯಲಾದ ಈ ಚಿತ್ರಗಳನ್ನು, ಅಂದರೆ ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ಗಳನ್ನು, ಇಂದಿಗೂ ಅನೇಕ ಪಟ್ಟಿಗಳು ಒಂದು ಪ್ರಕಾರವೆಂದೇ ಎಣಿಸುತ್ತವೆ. ಆದರೆ ಇವುಗಳನ್ನು ಒಟ್ಟುಗೂಡಿಸುವುದು ಕಥೆಯ ಬಗೆಯಲ್ಲ. ಕಡಿಮೆ ಬಂಡವಾಳ, ಸಾಹಿತ್ಯದ ಆಸರೆ, ತಾರೆಯರನ್ನು ನೆಚ್ಚದಿರುವುದು, ಹಾಡು-ಹೊಡೆದಾಟಗಳನ್ನು ಬಿಟ್ಟುಕೊಟ್ಟಿರುವುದು, ಇವು ನಿರ್ಮಾಣದ ಲಕ್ಷಣಗಳು. ‘ಹೊಸ ಅಲೆ’ಯನ್ನು ‘ಹಾಸ್ಯ’, ‘ಪತ್ತೇದಾರಿ’ಗಳ ಪಕ್ಕದಲ್ಲಿ ಕೂರಿಸುವ ಪಟ್ಟಿಯು ಅಳತೆಯನ್ನೇ ಬದಲಿಸಿಬಿಡುತ್ತದೆ ಎಂಬುದು ಈ ಪೀಠದ ಖಚಿತ ಅಭಿಪ್ರಾಯ.

ಸರಕಾರಿ ಪ್ರಶಸ್ತಿಗಳ ವಿಭಾಗಗಳೂ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ರಾಜ್ಯ ಚಲನಚಿತ್ರ ಪ್ರಶಸ್ತಿಯಲ್ಲಿರುವ ಜನಪ್ರಿಯ ಮನರಂಜನಾ ಚಿತ್ರ, ಸಾಮಾಜಿಕ ಕಾಳಜಿಯ ಚಿತ್ರ, ಮಕ್ಕಳ ಚಿತ್ರ ಮೊದಲಾದ ಹೆಸರುಗಳು ಚಿತ್ರದ ಉದ್ದೇಶವನ್ನೋ ಪ್ರೇಕ್ಷಕರ ವಯಸ್ಸನ್ನೋ ಹೇಳುತ್ತವೆಯೇ ಹೊರತು ಕಥೆಯ ಬಗೆಯನ್ನು ಹೇಳುವುದಿಲ್ಲ.

ಪ್ರಕಾರದ ವಾದ ಎಷ್ಟು ತೊಡಕಿನದೆಂಬುದನ್ನು ಒಂದೇ ಚಿತ್ರವನ್ನು ಹತ್ತಿರದಿಂದ ನೋಡಿ ಅರಿಯಬಹುದು. 1972ರ ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಚಿತ್ರ. ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಹೆಗಲು ಕೊಡಲು ಹಳ್ಳಿಗೆ ಬರುವ ರಾಜೀವ ಬರಡು ನೆಲವನ್ನು ಹಸನು ಮಾಡಿ ಬೆಳೆ ತೆಗೆಯುತ್ತಾನೆ; ಈ ಭಾಗವನ್ನು ಮಾತ್ರ ಕಂಡವರು ಅದನ್ನು ಬೇಸಾಯದ ಚಿತ್ರ, ಗ್ರಾಮೀಣ ಚಿತ್ರ ಎನ್ನುತ್ತಾರೆ. ಲಕ್ಷ್ಮಿಯೊಡನೆ ಅವನ ಒಲವು, ಮದುವೆ, ಅವಳ ಅಕಾಲ ಮರಣ ಇವನ್ನು ನೆನೆಯುವವರಿಗೆ ಅದೊಂದು ಪ್ರೇಮಕಥೆ. ಕೊನೆಯಲ್ಲಿ ತಾನೇ ಬೆಳೆಸಿದ ಸೋದರಳಿಯನಿಂದ ಅವಮಾನಿತನಾಗಿ ಅವನು ಮನೆ ಬಿಟ್ಟು ನಡೆಯುವುದನ್ನು ಮರೆಯಲಾರದವರಿಗೆ ಅದು ಕೌಟುಂಬಿಕ ದುರಂತ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಆ ಚಿತ್ರಕ್ಕೆ ಸಾಲುಗಟ್ಟಿದವರಲ್ಲಿ ಹೆಚ್ಚಿನವರು ಮಾತ್ರ ಈ ಮೂರರಲ್ಲಿ ಯಾವುದನ್ನೂ ಹೇಳುತ್ತಿರಲಿಲ್ಲ. ಅವರಿಗೆ ಅದು ‘ರಾಜ್‌ಕುಮಾರ್ ಪಿಕ್ಚರ್’.

ಈ ಕೊನೆಯ ಉತ್ತರವನ್ನು ವಿದ್ವಾಂಸರು ಲಘುವಾಗಿ ಕಾಣುವುದುಂಟು, ಅದು ತಪ್ಪು. ನಟನ ಹೆಸರೇ ಪ್ರಕಾರದ ಕೆಲಸ ಮಾಡುವುದು ಕನ್ನಡ ಪ್ರೇಕ್ಷಕರ ನಿಜವಾದ ವರ್ಗೀಕರಣ ಕ್ರಮ. ಕಣ್ಣಪ್ಪನಾಗಿ, ಮಯೂರನಾಗಿ, ಬಬ್ರುವಾಹನನಾಗಿ, ಸಿಐಡಿ 999 ಆಗಿ, ರಾಜೀವನಾಗಿ ಬಂದ ಒಬ್ಬನೇ ನಟನು ಪ್ರತಿ ಬಾರಿಯೂ ಒಂದು ಬಗೆಯ ನಡತೆಯನ್ನೂ ನುಡಿಯ ಶುದ್ಧಿಯನ್ನೂ ಖಾತರಿ ಕೊಡುತ್ತಿದ್ದನಾದ್ದರಿಂದ, ಆ ಖಾತರಿಯನ್ನು ನಂಬಿ ಮನೆಮಂದಿಯೆಲ್ಲ ಹೊರಡುತ್ತಿದ್ದರು. ಪಟ್ಟಿಯಲ್ಲಿ ಈ ಕಲಮಿಗೆ ಜಾಗ ಕೊಡದ ವಿಂಗಡಣೆ ನೋಡುವುದಕ್ಕೆ ಅಚ್ಚುಕಟ್ಟಾಗಿದ್ದರೂ ಪ್ರೇಕ್ಷಕರಿಂದ ದೂರ ಉಳಿಯುತ್ತದೆ.

ಇನ್ನು ದಶಕದ ಮಾತು. ಒಂದು ಚಿತ್ರ ಯಾವ ವರ್ಷದ್ದು ಎಂಬ ಸರಳ ಪ್ರಶ್ನೆಗೇ ಮೂರು ಉತ್ತರಗಳಿರುವುದುಂಟು: ಸೆನ್ಸಾರ್ ಪ್ರಮಾಣಪತ್ರ ದೊರೆತ ವರ್ಷ, ಚಿತ್ರೋತ್ಸವದಲ್ಲಿ ಮೊದಲು ತೋರಿಸಿದ ವರ್ಷ, ಚಿತ್ರಮಂದಿರಕ್ಕೆ ಬಂದ ವರ್ಷ. ರಾಮ್ ರೆಡ್ಡಿ ಅವರ ‘ತಿಥಿ’ 2015ರ ಆಗಸ್ಟ್‌ನಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಆ ವರ್ಷದ ಲೆಕ್ಕದಲ್ಲೇ ರಾಷ್ಟ್ರಪ್ರಶಸ್ತಿಯನ್ನೂ ಗಳಿಸಿ, ಕರ್ನಾಟಕದ ಪ್ರೇಕ್ಷಕರಿಗೆ ದೊರೆತದ್ದು 2016ರಲ್ಲಿ. ‘ಮುಂಗಾರು ಮಳೆ’ 2006ರ ಡಿಸೆಂಬರ್ 29ರಂದು ಬಿಡುಗಡೆಯಾದ್ದರಿಂದ ಕಾಗದದ ಮೇಲೆ ಅದು 2006ರ ಚಿತ್ರ. ಓಡಿದ್ದು, ಹಾಡುಗಳು ಆಟೋಗಳಲ್ಲಿ ಮೊಳಗಿದ್ದು, ಅದರ ನಕಲುಗಳು ಹುಟ್ಟಿದ್ದು ಎಲ್ಲವೂ ಅನಂತರವೇ. ರಾಜ್ಯ ಪ್ರಶಸ್ತಿಗಳನ್ನು ಮೊದಮೊದಲು ಆರ್ಥಿಕ ವರ್ಷದ ಲೆಕ್ಕದಲ್ಲಿ ಕೊಡುತ್ತಿದ್ದುದರಿಂದ, 1969-70ರ ಸಾಲಿನಲ್ಲಿ ಗೌರವ ಪಡೆದ ‘ಗೆಜ್ಜೆಪೂಜೆ’ಯನ್ನು ಕೆಲವರು ಅರವತ್ತರ ದಶಕಕ್ಕೂ ಕೆಲವರು ಎಪ್ಪತ್ತರ ದಶಕಕ್ಕೂ ಎಳೆಯುತ್ತಾರೆ, ಇಬ್ಬರ ಕೈಯಲ್ಲೂ ದಾಖಲೆ ಇರುತ್ತದೆ.

ಅದಕ್ಕಿಂತ ದೊಡ್ಡ ತೊಡಕೆಂದರೆ ಚಿತ್ರರಂಗದ ತಿರುವುಗಳು ಸೊನ್ನೆಯಿಂದ ಕೊನೆಗೊಳ್ಳುವ ವರ್ಷಗಳಿಗೆ ಕಾಯುವುದಿಲ್ಲ. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಪೂರ್ಣ ವರ್ಣಚಿತ್ರವಾಗಿ ಬಂದಿತೆಂದು ಅಲ್ಲಿಂದ ಮುಂದೆ ಬಣ್ಣದ ಯುಗವೆಂದು ಗೆರೆ ಎಳೆದರೆ, 1977ರ ‘ಘಟಶ್ರಾದ್ಧ’ ಕಪ್ಪು-ಬಿಳುಪಿನಲ್ಲೇ ಇದ್ದುಕೊಂಡು ಆ ಗೆರೆಯನ್ನು ಅಳಿಸುತ್ತದೆ. ಉಪೇಂದ್ರ ನಿರ್ದೇಶನದ ‘ಓಂ’ ತೆರೆಗೆ ಬಂದದ್ದು 1995ರಲ್ಲಿ. ಭೂಗತ ಲೋಕದ ಕಥೆಯನ್ನು ಹಿಂದುಮುಂದಾಗಿ ಹೇಳಿದ ಅದರ ಬೆನ್ನಿಗೆ ಬಂದ ಲಾಂಗು-ಮಚ್ಚಿನ ಚಿತ್ರಗಳ ಸಾಲು ಹೊಸ ಶತಮಾನದೊಳಕ್ಕೂ ನಡೆಯಿತು. ‘ರೌಡಿಸಂ ಪಿಕ್ಚರ್’ ಎಂಬ ಹೆಸರು ರೂಢಿಗೆ ಬಂದದ್ದು ಅಂಥ ಹಲವು ಚಿತ್ರಗಳು ಬಂದುಹೋದ ಮೇಲೆ. ಹೆಸರು ತಡವಾಗಿ ಬರುವುದು ಕನ್ನಡಕ್ಕಷ್ಟೇ ಸೀಮಿತವಾದ ಸಂಗತಿಯೇನಲ್ಲ; ಯುದ್ಧಕಾಲದ ಅಮೆರಿಕನ್ ಅಪರಾಧ ಚಿತ್ರಗಳಿಗೆ ‘ಫಿಲ್ಮ್ ನ್ವಾರ್’ ಎಂಬ ಹೆಸರನ್ನು 1946ರಲ್ಲಿ ಫ್ರೆಂಚ್ ವಿಮರ್ಶಕರು ಇಟ್ಟಾಗ ಆ ಚಿತ್ರಗಳನ್ನು ತೆಗೆದವರಿಗೇ ತಾವು ಅಂಥದೊಂದು ಪ್ರಕಾರದಲ್ಲಿ ದುಡಿಯುತ್ತಿದ್ದೇವೆಂಬ ಅರಿವಿರಲಿಲ್ಲ. ‘ಓಂ’ ಅಂತೂ ಮರುಬಿಡುಗಡೆಯಾಗುತ್ತಲೇ ಬಂದಿರುವುದರಿಂದ ಅದನ್ನು ಒಂದೇ ದಶಕದ ಪ್ರೇಕ್ಷಕರಿಗೆ ಗಂಟು ಹಾಕುವುದೂ ಕಷ್ಟ.

ಚಿತ್ರ ತಯಾರಾದ ಕಾಲ ಬೇರೆ, ಕಥೆ ನಡೆಯುವ ಕಾಲ ಬೇರೆ ಎಂಬುದನ್ನೂ ಮರೆಯುವಂತಿಲ್ಲ. 2022ರ ‘ಕಾಂತಾರ’ದ ಕಥೆ 1847ರಲ್ಲಿ ಆರಂಭವಾಗಿ 1970ನ್ನು ಹಾದು 1990ಕ್ಕೆ ಬರುತ್ತದೆ. ಅದರ ಪ್ರಕಾರದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಹೊರಗಿನ ಪಟ್ಟಿಗಳು ಅದನ್ನು ಫ್ಯಾಂಟಸಿ, ಅಂದರೆ ಲೋಕದಲ್ಲಿ ಇಲ್ಲದ್ದನ್ನು ಕಲ್ಪಿಸಿ ಹೇಳುವ ಕಥೆ, ಎಂದು ಗುರುತಿಸುವುದುಂಟು. ಪಂಜುರ್ಲಿ, ಗುಳಿಗ ದೈವಗಳಿಗೆ ವರ್ಷವರ್ಷವೂ ಕೋಲ ಕೊಡಿಸುವ ತುಳುನಾಡಿನ ಮನೆತನಕ್ಕೆ ಅದರಲ್ಲಿ ಕಲ್ಪಿಸಿದ್ದೆಂಬುದು ಏನಿದೆ? ಅವರಿಗೆ ಅದು ಭಕ್ತಿಪ್ರಧಾನ ಚಿತ್ರ, ‘ಬೇಡರ ಕಣ್ಣಪ್ಪ’ನ ಸಾಲಿನದು, ಅರಣ್ಯ ಮತ್ತು ಭೂಮಿಯ ಹಕ್ಕನ್ನು ಗಮನಿಸುವವರಿಗೆ ಸಾಮಾಜಿಕ, ಹೊಡೆದಾಟಕ್ಕೆ ಶಿಳ್ಳೆ ಹೊಡೆದವರಿಗೆ ಮಾಸ್. ಪ್ರಕಾರವು ನೋಡುವವನ ನಂಬಿಕೆಯನ್ನೂ ಅವಲಂಬಿಸಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಮೀಪಕಾಲದಲ್ಲಿ ಸಿಗುವುದಿಲ್ಲ.

ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಇನ್ನೊಂದು ಬಗೆಯ ಕಗ್ಗಂಟು. ಕತ್ತಿ, ಕುದುರೆ, ಪಾಳೆಯಪಟ್ಟು ಎಲ್ಲವೂ ಅಲ್ಲಿವೆ, ಆದರೆ ಇತಿಹಾಸದ ಪುಸ್ತಕದಲ್ಲಿ ಸಿಗುವ ದೊರೆಯಾಗಲಿ ಯುದ್ಧವಾಗಲಿ ಇಲ್ಲ. ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವ ಅದರಲ್ಲಿ ನೇರವಾಗಿ ಕಾಣುತ್ತದೆ. ಅದನ್ನು ‘ಮಯೂರ’ದ ಪಕ್ಕದಲ್ಲಿ ಐತಿಹಾಸಿಕವೆಂದು ಇಡುವುದಕ್ಕಿಂತ, ಒಂಟಿಯಾಗಿಯೇ ಬಿಡುವುದು ಲೇಸು. ಎಲ್ಲ ಚಿತ್ರಕ್ಕೂ ಜೊತೆ ಹುಡುಕಲೇಬೇಕೆಂಬ ಹಟ ಪಟ್ಟಿ ಮಾಡುವವರ ದೊಡ್ಡ ದೌರ್ಬಲ್ಯ.

ಇಂಥ ಚರ್ಚೆ ಬೊಮ್ಮಸಂದ್ರದಲ್ಲಿ ನಡೆಯುತ್ತಿರುವುದು ಅರ್ಥಪೂರ್ಣವಾಗಿದೆ. ಹೊಸೂರು ರಸ್ತೆಯ ಈ ಕೈಗಾರಿಕಾ ಪ್ರದೇಶದಲ್ಲಿ ರಾಯಚೂರು, ಕಲಬುರಗಿ, ವಿಜಯಪುರಗಳಿಂದ ಬಂದವರೂ ಗಡಿಯಾಚೆಯ ಹೊಸೂರಿನಿಂದ ದಿನನಿತ್ಯ ಬಂದುಹೋಗುವವರೂ ಒಡಿಶಾ, ಬಿಹಾರ, ಅಸ್ಸಾಂನವರೂ ಒಂದೇ ಶಿಫ್ಟಿನಲ್ಲಿ ದುಡಿಯುತ್ತಾರೆ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಇಲ್ಲಿಯವರೆಗೆ ಬಂದ ಮೇಲೆ ನಗರದ ಚಿತ್ರಮಂದಿರಗಳೂ ಹತ್ತಿರವಾಗಿವೆ. ಆದರೂ ನೈಟ್ ಶಿಫ್ಟ್ ಮುಗಿಸಿ ಪಿಜಿಯ ಮಂಚದ ಮೇಲೆ ಮೊಬೈಲಿನಲ್ಲಿ ಚಿತ್ರ ನೋಡುವ ಯುವಕನಿಗೆ ‘ನಾಗರಹಾವು’ ಮತ್ತು ‘ಕೆಜಿಎಫ್’ ಒಂದರ ಕೆಳಗೊಂದು ಬರುತ್ತವೆ. ಎರಡರ ನಡುವೆ ನಾಲ್ಕೂವರೆ ದಶಕಗಳ ಅಂತರವಿದೆಯೆಂಬುದು ಅವನ ಆಯ್ಕೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಎರಡೂ ಕಡೆ ಸಿಟ್ಟಿನ ಹುಡುಗನೊಬ್ಬ ಇದ್ದಾನೆಂಬುದಷ್ಟೇ ಬರುತ್ತದೆ. ಅದೇ ಕೋಣೆಯ ಒಡಿಯಾ ಗೆಳೆಯ ‘ಕೆಜಿಎಫ್’ ಅನ್ನು ಹಿಂದಿಯಲ್ಲಿ ಕಂಡಿರುತ್ತಾನೆ. ಮಾತೇ ಇಲ್ಲದೆ ಬೆಂಗಳೂರಿನಲ್ಲಿ ಚಿತ್ರಿತವಾದ ಸಿಂಗೀತಂ ಶ್ರೀನಿವಾಸರಾಯರ ‘ಪುಷ್ಪಕ ವಿಮಾನ’ವನ್ನು (1987) ಕನ್ನಡದ ಪಟ್ಟಿಗೆ ಸೇರಿಸಬೇಕೆ ಎಂಬ ಹಳೆಯ ಚರ್ಚೆಗೆ ಇಂಥ ಕೋಣೆಯಲ್ಲಿ ಉತ್ತರ ಬೇಗ ಸಿಗುತ್ತದೆ: ಎಲ್ಲರೂ ಒಟ್ಟಿಗೆ ಕೂತು ನಗಬಹುದಾದ ಚಿತ್ರ ಎಲ್ಲರದೂ ಹೌದು, ಕನ್ನಡದ್ದೂ ಹೌದು.

ಹಾಗಾದರೆ ಪಟ್ಟಿಗಳೇ ಬೇಡವೆ ಎಂದರೆ, ಬೇಕು. ಏಕೆಂದರೆ ಯಾವ ಚಿತ್ರ ಉಳಿಯುತ್ತದೆ ಎಂಬುದನ್ನು ಪಟ್ಟಿಗಳೂ ಒಂದು ಮಟ್ಟಿಗೆ ನಿರ್ಧರಿಸುತ್ತವೆ. ಅಂತರರಾಷ್ಟ್ರೀಯ ಚಿತ್ರ ವಿಮರ್ಶಕರ ಒಕ್ಕೂಟದ ಭಾರತ ಘಟಕವು 2022ರಲ್ಲಿ ಪ್ರಕಟಿಸಿದ ಸಾರ್ವಕಾಲಿಕ ಹತ್ತು ಭಾರತೀಯ ಚಿತ್ರಗಳ ಸಾಲಿನಲ್ಲಿ ‘ಘಟಶ್ರಾದ್ಧ’ ಐದನೆಯದಾಗಿತ್ತು, ‘ಶೋಲೆ’ ಹತ್ತನೆಯದು. ಪ್ರಕಾರವನ್ನೂ ದಶಕವನ್ನೂ ಬದಿಗಿಟ್ಟು ಮಾಡಿದ ಪಟ್ಟಿ ಅದು. ಅದೇ ‘ಘಟಶ್ರಾದ್ಧ’ದ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಇನ್ನೊಂದು ಕಡೆ, ಎಲ್ಲ ಪಟ್ಟಿಗಳ ತಲೆಯಲ್ಲಿ ಹೆಸರು ಬರೆಯುವ ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲ, ಮೂವತ್ತರ ದಶಕದ ಮೆಚ್ಚಿನ ಕನ್ನಡ ಚಿತ್ರವೆಂದು ಅದನ್ನು ಆರಿಸುವವರಲ್ಲಿ ಯಾರೂ ಅದನ್ನು ಕಂಡವರಲ್ಲ. ವರ್ಷಕ್ಕೆ ಒಂದೆರಡು ಚಿತ್ರ ಬರುತ್ತಿದ್ದ ಆ ದಶಕಕ್ಕೂ ವರ್ಷಕ್ಕೆ ಇನ್ನೂರರ ಆಸುಪಾಸು ಬರುವ ಈ ದಶಕಕ್ಕೂ ತಲಾ ಹತ್ತು ಹೆಸರಿನಂತೆ ಪಾಲು ಹಂಚುವುದು ನ್ಯಾಯದ ತಕ್ಕಡಿಯಂತೆ ಕಂಡರೂ ಎರಡಕ್ಕೂ ಅನ್ಯಾಯವೇ.

ಆದ್ದರಿಂದ ಮಧ್ಯಾಹ್ನದ ಗೋಷ್ಠಿಗಳಲ್ಲಿ ಭಾಗವಹಿಸುವ ಪ್ರತಿನಿಧಿಗಳಲ್ಲಿ ಈ ಪೀಠದ ಕೋರಿಕೆ ಇಷ್ಟು: ಒಂದು ಚಿತ್ರವನ್ನು ಎರಡು ಮೂರು ಪ್ರಕಾರಗಳಲ್ಲಿ ಬರೆಯಲು ಹಿಂಜರಿಯಬಾರದು, ಸೆನ್ಸಾರ್ ವರ್ಷ ಮತ್ತು ಬಿಡುಗಡೆಯ ವರ್ಷ ಎರಡನ್ನೂ ನಮೂದಿಸಬೇಕು, ಮೂಲ ಕಾದಂಬರಿಯೋ ನಾಟಕವೋ ರೀಮೇಕೋ ಎಂಬುದನ್ನು ಕಾಣಿಸಬೇಕು, ಒಮ್ಮತಕ್ಕೆ ಬಾರದ ಕಡೆ ಭಿನ್ನಮತವನ್ನು ಅಳಿಸದೆ ಹಾಗೆಯೇ ದಾಖಲಿಸಬೇಕು, ಮತ್ತು ಪ್ರತಿ ಹೆಸರಿನ ಎದುರು ಅದರ ಪ್ರತಿ ಇಂದು ನೋಡಲು ದೊರೆಯುತ್ತದೆಯೇ ಇಲ್ಲವೇ, ದೊರೆಯುವುದಾದರೆ ಎಲ್ಲಿ, ಎಂಬ ಒಂದು ಸಾಲನ್ನು ತಪ್ಪದೆ ಸೇರಿಸಬೇಕು.